ನೈಟ್ರೋಪ್ಲಾಸ್ಟ್: ಒಳಗೆ ಬಂದ ಬ್ಯಾಕ್ಟೀರಿಯಾ ಜೀವಕೋಶದ ಅಂಗವಾಗುವುದು ಹೇಗೆ?

2024ರ ಏಪ್ರಿಲ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸಮುದ್ರದ ಪಾಚಿಯೊಂದರ ಬಗ್ಗೆ ಒಂದು ಸಂಶೋಧನೆ ಪ್ರಕಟವಾಯಿತು. ಒಂದೇ ಜೀವಕೋಶದ ಪಾಚಿ ಅದು. ಬರಿಗಣ್ಣಿಗೆ ಕಾಣುವುದೂ ಇಲ್ಲ. ಅದರೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾವೊಂದು ಅದರ ಅಂಗವೇ ಆಗಿ, ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸಿಕೊಡುತ್ತಿದೆ ಎಂಬುದು ಆ ಸಂಶೋಧನೆಯ ಸಾರ. ಆದರೆ ಕೆಲವೇ ದಿನಗಳಲ್ಲಿ ಆ ಸುದ್ದಿ ಎಲ್ಲೆಲ್ಲೋ ಹೋಯಿತು. ನೂರು ಕೋಟಿ ವರ್ಷಗಳಲ್ಲಿ ಮೊದಲ ಬಾರಿಗೆ ಎರಡು ಜೀವಿಗಳು ಬೆರೆತು ಒಂದಾಗಿವೆ ಎಂಬ ತಲೆಬರಹಗಳು ಬಂದವು. ಇನ್ನು ಬೆಳೆಗೆ ಯೂರಿಯಾ ಹಾಕೋದೇ ಬೇಡ ಎಂಬ ಮಾತೂ ಹುಟ್ಟಿಕೊಂಡಿತು.

ಓದಿದವರಿಗೆ ಗೊಂದಲ ಆಗಿದ್ದು ಸಹಜ. ಈ ಬೆರೆಯುವಿಕೆ ಈಗ ನಡೆಯಿತಾ? ಯಾರಾದರೂ ಕಣ್ಣಾರೆ ನೋಡಿದರಾ? ಶಾಲೆಯಲ್ಲಿ ಜೀವಕೋಶದ ಚಿತ್ರ ಬರೆದು ಮೈಟೋಕಾಂಡ್ರಿಯ, ಕ್ಲೋರೋಪ್ಲಾಸ್ಟ್ ಎಂದು ಭಾಗ ಗುರುತಿಸಿದ ಪಟ್ಟಿಗೆ ಇನ್ನೊಂದು ಹೆಸರು ಸೇರಿತಾ?

ಮೊದಲ ಎರಡಕ್ಕೆ ಉತ್ತರ ‘ಇಲ್ಲ’. ಈ ಸೇರುವಿಕೆ ಶುರುವಾಗಿ ಸುಮಾರು 10 ಕೋಟಿ ವರ್ಷ ಆಯಿತು. 2024ರಲ್ಲಿ ಆಗಿದ್ದು ನಮಗೆ ಅದು ಗೊತ್ತಾದದ್ದು ಮಾತ್ರ. ಮೂರನೇ ಪ್ರಶ್ನೆಗೆ ‘ಹೌದು, ಬಹುಮಟ್ಟಿಗೆ’ ಎನ್ನಬಹುದು. ಆ ‘ಬಹುಮಟ್ಟಿಗೆ’ ಯಾಕೆ ಅಂತ ತಿಳಿಯಬೇಕಾದರೆ, ಸ್ವತಂತ್ರವಾಗಿದ್ದ ಒಂದು ಬ್ಯಾಕ್ಟೀರಿಯಾ ತನ್ನದೆಲ್ಲವನ್ನೂ ಒಂದೊಂದಾಗಿ ಕಳೆದುಕೊಳ್ಳುವ ದಾರಿಯನ್ನು ನಿಧಾನವಾಗಿ ನೋಡಬೇಕು.

ಸುದ್ದಿಯ ಹಿಂದಿನ 26 ವರ್ಷ

1998ರಲ್ಲಿ ಅಮೆರಿಕದ ಸಮುದ್ರ ವಿಜ್ಞಾನಿ ಜೊನಾಥನ್ ಜೆಹ್ರ್ ಅವರಿಗೆ ಪೆಸಿಫಿಕ್ ಸಾಗರದ ನೀರಿನಲ್ಲಿ ಒಂದು ಪುಟ್ಟ ಡಿಎನ್‌ಎ ತುಣುಕು ಸಿಕ್ಕಿತು. ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುವ ಯಾವುದೋ ಸೈನೋಬ್ಯಾಕ್ಟೀರಿಯಾದ ತುಣುಕು ಅದು. ಆದರೆ ಆ ಬ್ಯಾಕ್ಟೀರಿಯಾ ಯಾವುದು, ನೋಡೋಕೆ ಹೇಗಿದೆ, ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಯುಸಿವೈಎನ್-ಎ ಎಂದು ಹೆಸರಿಟ್ಟರು.

ಮುಂದೆ ಅದರ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎಯ ಬರಹ, ಓದಿದಾಗ ಆಶ್ಚರ್ಯ ಕಾದಿತ್ತು. ಸೈನೋಬ್ಯಾಕ್ಟೀರಿಯಾ ಅಂದರೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಕುಲ. ಇದಕ್ಕೆ ಆ ಕೆಲಸವೇ ಬರುತ್ತಿರಲಿಲ್ಲ. ನೀರನ್ನು ಒಡೆದು ಆಮ್ಲಜನಕ ಬಿಡುವ ಯಂತ್ರ ಇಲ್ಲ. ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಗೆ ದಾರಿ ಮಾಡುವ ಕಿಣ್ವವೂ ಇಲ್ಲ. ಇಡೀ ಜೀನೋಮ್ ಸುಮಾರು 14.4 ಲಕ್ಷ ಅಕ್ಷರಗಳಷ್ಟು ಉದ್ದ. ನಮ್ಮ ಕರುಳಿನಲ್ಲಿರುವ ಇ. ಕೋಲಿಯ ಜೀನೋಮ್ 46 ಲಕ್ಷ. ಅಡುಗೆಯೇ ಬಾರದ ಜೀವಿ ಸಾಗರದ ನಡುವೆ ಬದುಕಿದೆ ಅಂದರೆ ಯಾರೋ ಊಟ ಹಾಕುತ್ತಿದ್ದಾರೆ ಅಂತಲೇ ಅರ್ಥ, ಅಲ್ವಾ?

ಊಟ ಹಾಕುತ್ತಿರುವುದು ಒಂದು ಏಕಕೋಶ ಪಾಚಿ ಎಂದು 2012ರಲ್ಲಿ ಗೊತ್ತಾಯಿತು. ಅದೇ ಹೊತ್ತಿನಲ್ಲಿ ಜಪಾನಿನ ಕೊಚಿ ವಿಶ್ವವಿದ್ಯಾಲಯದ ಕ್ಯೋಕೊ ಹಗೀನೊ ಬ್ರಾರುಡೋಸ್ಫೀರಾ ಬಿಗೆಲೋವಿ ಎಂಬ ಪಾಚಿಯ ಬೆನ್ನು ಬಿದ್ದಿದ್ದರು. ಸುಣ್ಣದ ಹನ್ನೆರಡು ಐದು-ಮೂಲೆಯ ಫಲಕಗಳನ್ನು ಮೈತುಂಬ ಜೋಡಿಸಿಕೊಳ್ಳುವ ಬಲು ಚೆಂದದ ಪಾಚಿ ಅದು. ಪ್ರಯೋಗಾಲಯದಲ್ಲಿ ಮಾತ್ರ ಬದುಕುತ್ತಿರಲಿಲ್ಲ. ಹಗೀನೊ ಹತ್ತು ವರ್ಷಕ್ಕೂ ಹೆಚ್ಚು ಕಾಲ, 300ಕ್ಕೂ ಹೆಚ್ಚು ಬಾರಿ ಸಮುದ್ರದ ನೀರು ತಂದು ಪ್ರಯತ್ನಪಟ್ಟರು. ಕೊನೆಗೆ ಅದು ಬಾಟಲಿಯಲ್ಲಿ ಬೆಳೆಯಿತು. ಯುಸಿವೈಎನ್-ಎ ಇದ್ದದ್ದು ಅದರೊಳಗೇ.

ಪಾಚಿ ಕೈಗೆ ಸಿಕ್ಕ ಮೇಲೆ ಕೆಲಸ ಚುರುಕಾಯಿತು. ಪಾಚಿಯ ಒಳಗನ್ನು ಎಕ್ಸ್-ರೇಯಲ್ಲಿ ನೋಡಿದಾಗ, ಜೀವಕೋಶ ಎರಡಾಗುವ ಹೊತ್ತಿಗೆ ಒಳಗಿನ ಯುಸಿವೈಎನ್-ಎ ಕೂಡ ಅದಕ್ಕೆ ಹೊಂದಿಕೊಂಡು ಎರಡಾಗುವುದು ಕಂಡಿತು. ಎರಡು ಮರಿಕೋಶಗಳಿಗೂ ಒಂದೊಂದು ಪಾಲು. ಇನ್ನೂ ದೊಡ್ಡ ವಿಷಯ ಪ್ರೋಟೀನುಗಳದ್ದು. ಯುಸಿವೈಎನ್-ಎ ಒಳಗಿರುವ ಪ್ರೋಟೀನುಗಳಲ್ಲಿ ಸುಮಾರು ಅರ್ಧ ಅದರದ್ದಲ್ಲ. ಅವುಗಳ ಜೀನು ಇರುವುದು ಪಾಚಿಯ ಬಳಿ. ಪಾಚಿ ಅವನ್ನು ತಯಾರಿಸಿ, ಕೊನೆಗೊಂದು ಬಾಲದಂಥ ತುಣುಕು ಅಂಟಿಸಿ ಒಳಗೆ ಕಳಿಸುತ್ತದೆ. ಕೊರಿಯರ್ ಡಬ್ಬಿಗೆ ವಿಳಾಸದ ಚೀಟಿ ಅಂಟಿಸಿದ ಹಾಗೆ.

ಟೈಲರ್ ಕೋಲ್, ಜೆಹ್ರ್, ಹಗೀನೊ ಮತ್ತು ಜೊತೆಯವರು ಇಷ್ಟನ್ನು ಮುಂದಿಟ್ಟು, ಇದನ್ನು ಇನ್ನು ಬ್ಯಾಕ್ಟೀರಿಯಾ ಅನ್ನುವುದು ಸರಿಯಲ್ಲ ಎಂದರು. ಇದು ಜೀವಕೋಶದ ಒಂದು ಅಂಗ, ನಮ್ಮ ಪಠ್ಯಪುಸ್ತಕದ ಮಾತಿನಲ್ಲಿ ಕಣದಂಗ. ಸಾರಜನಕದ ಕೆಲಸ ಮಾಡುವುದರಿಂದ ನೈಟ್ರೋಪ್ಲಾಸ್ಟ್.

ಸಾರಜನಕಕ್ಕೆ ಯಾಕಿಷ್ಟು ಬೆಲೆ

ಗಾಳಿಯಲ್ಲಿ 78 ಭಾಗ ಸಾರಜನಕವೇ. ಆದರೆ ಅದರ ಎರಡು ಪರಮಾಣುಗಳು ಮೂರು ಕಟ್ಟು ಹಾಕಿ ಬಿಗಿದುಕೊಂಡಿರುತ್ತವೆ. ಆ ಕಟ್ಟು ಬಿಚ್ಚುವ ಶಕ್ತಿ ಗಿಡಕ್ಕೂ ಇಲ್ಲ, ಪ್ರಾಣಿಗೂ ಇಲ್ಲ. ಕೆಲವು ಬ್ಯಾಕ್ಟೀರಿಯಾಗಳಿಗೆ ಮತ್ತು ನೋಡಲು ಅವುಗಳಂತೆಯೇ ಇದ್ದರೂ ಬೇರೆಯೇ ಕುಲದ ಸೂಕ್ಷ್ಮಜೀವಿಗಳಾದ ಆರ್ಕಿಯಾಗಳಲ್ಲಿ ಕೆಲವಕ್ಕೆ ಮಾತ್ರ ಇದೆ. ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಅವು ಈ ಕೆಲಸ ಮಾಡುತ್ತವೆ. ಖರ್ಚು ಜಾಸ್ತಿ. ಒಂದು ಸಾರಜನಕ ಅಣುವಿಗೆ ಕನಿಷ್ಠ 16 ಎಟಿಪಿ, ಅಂದರೆ ಜೀವಕೋಶದ ಶಕ್ತಿಯ ನಾಣ್ಯಗಳು, ಬೇಕು. ಜೊತೆಗೆ ಆಮ್ಲಜನಕ ತಗುಲಿದರೆ ಈ ಕಿಣ್ವ ಹಾಳಾಗುತ್ತದೆ.

ಯುಸಿವೈಎನ್-ಎ ಆಮ್ಲಜನಕ ಬಿಡುವ ಯಂತ್ರ ಕಳೆದುಕೊಂಡದ್ದು ಈಗ ಅರ್ಥವಾಗುತ್ತದೆ. ಸಕ್ಕರೆ ಹೊರಗಿನಿಂದ ಬರುತ್ತಿದ್ದರೆ ಆ ಯಂತ್ರ ಬೇಕಿಲ್ಲ. ಅದು ಇಲ್ಲದಿದ್ದರೆ ನೈಟ್ರೋಜಿನೇಸ್‌ಗೂ ನೆಮ್ಮದಿ.

ಅವರೆ ಬಳ್ಳಿಯ ಹೇನಿನೊಳಗೆ

ಅವಲಂಬನೆ ಹೇಗೆ ಬೆಳೆಯುತ್ತದೆ ಅನ್ನೋದನ್ನು ತಿಳಿಯಲು ಸಾಗರಕ್ಕೆ ಹೋಗಬೇಕಿಲ್ಲ. ಚಳಿಗಾಲದಲ್ಲಿ ಅವರೆ ಬಳ್ಳಿಯ ಎಳೆ ಕುಡಿ ನೋಡಿ. ಕಪ್ಪು ಹೇನುಗಳು ಒತ್ತೊತ್ತಾಗಿ ಮೆತ್ತಿಕೊಂಡಿರುತ್ತವೆ. ಇರುವೆಗಳು ಮೇಲೂ ಕೆಳಗೂ ಓಡಾಡುತ್ತಿರುತ್ತವೆ. ಹೇನಿನ ಹಿಂಭಾಗದಿಂದ ಬರುವ ಸಿಹಿ ಹನಿಗಾಗಿ ಆ ಓಡಾಟ.

ಹೇನು ಕುಡಿಯುವುದು ಗಿಡದ ರಸ. ಅದರಲ್ಲಿ ಸಕ್ಕರೆ ಹೇರಳ. ಪ್ರೋಟೀನಿಗೆ ಬೇಕಾದ ಅಮೈನೋ ಆಮ್ಲಗಳಲ್ಲಿ ಹೇನು ತಾನೇ ಮಾಡಿಕೊಳ್ಳಲಾರದಂಥವು ಮಾತ್ರ ತೀರಾ ಕಡಿಮೆ. ಬರೀ ಸಕ್ಕರೆ ನೀರಿನಲ್ಲಿ ಹೇನು ಬದುಕಿ, ವಾರದೊಳಗೆ ಮರಿ ಮೇಲೆ ಮರಿ ಹಾಕುವುದು ಹೇಗೆ? ಅದರ ಹೊಟ್ಟೆಯೊಳಗೆ ವಿಶೇಷ ಕೋಶಗಳಿವೆ. ಅವುಗಳ ತುಂಬ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ. ಕಮ್ಮಿ ಇರುವ ಆ ಅಮೈನೋ ಆಮ್ಲಗಳನ್ನು ಮಾಡಿಕೊಡುವುದು ಅದೇ. ತಾಯಿ ಹೇನಿನಿಂದ ಹೊಟ್ಟೆಯಲ್ಲಿರುವ ಮರಿಗೆ ಅದು ನೇರವಾಗಿ ದಾಟುತ್ತದೆ. ಹೊರಗಿನ ಜಗತ್ತನ್ನು ಬುಕ್ನೆರಾ ನೋಡಿ ಕನಿಷ್ಠ 16 ಕೋಟಿ ವರ್ಷ ಆಗಿದೆ.

ಬುಕ್ನೆರಾ ಇ. ಕೋಲಿಯ ನೆಂಟ. ಇ. ಕೋಲಿಗೆ ಸುಮಾರು 4,300 ಜೀನುಗಳಿದ್ದರೆ, 2000ನೇ ಇಸವಿಯಲ್ಲಿ ಜೀನೋಮ್ ಓದಿದ ಬುಕ್ನೆರಾಕ್ಕೆ ಇದ್ದದ್ದು ಸುಮಾರು 580. ಉಳಿದವು ಎಲ್ಲಿ ಹೋದವು? ಯಾರೂ ಕಿತ್ತುಕೊಂಡಿಲ್ಲ. ಇಲ್ಲಿ ಕಾರಣಗಳ ಸರಪಳಿಯೊಂದಿದೆ. ಇಡೀ ವಿಷಯದ ತಿರುಳು ಅದೇ.

ಜೀನು ಅನ್ನುವುದು ಸುಮ್ನೆ ಇಟ್ಟರೆ ಉಳಿಯುವ ವಸ್ತು ಅಲ್ಲ. ಪ್ರತಿ ಬಾರಿ ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ತಪ್ಪು ಆಗುತ್ತಲೇ ಇರುತ್ತದೆ. ಹೊರಗೆ ಬದುಕುವ ಬ್ಯಾಕ್ಟೀರಿಯಾದಲ್ಲಿ ಮುಖ್ಯ ಜೀನು ಕೆಟ್ಟರೆ ಆ ಬ್ಯಾಕ್ಟೀರಿಯಾ ಸಾಯುತ್ತದೆ. ಕೆಡದೆ ಇದ್ದವು ಉಳಿಯುತ್ತವೆ. ಹೀಗೆ ತಪ್ಪುಗಳು ಸೋಸಿ ಹೋಗುತ್ತವೆ. ಆದರೆ ಹೇನಿನ ಒಳಗೆ ಊಟ, ಉಪ್ಪು, ಬೆಚ್ಚನೆಯ ಜಾಗ ಎಲ್ಲ ಸಿಗುತ್ತದೆ. ಅಲ್ಲಿ ಊಟ ಹುಡುಕುವ ಜೀನು ಕೆಟ್ಟರೂ ಬ್ಯಾಕ್ಟೀರಿಯಾಕ್ಕೆ ಏನೂ ಆಗುವುದಿಲ್ಲ. ಸೋಸುವವರೇ ಇಲ್ಲ. ದಿನಾ ಬುತ್ತಿ ಬರುವ ಮನೆಯಲ್ಲಿ ಒಲೆ ಕೆಟ್ಟುಹೋದರೆ ಯಾರೂ ರಿಪೇರಿ ಮಾಡಿಸುವುದಿಲ್ಲ. ಬ್ಯಾಕ್ಟೀರಿಯಾದ ಜೀನೋಮಿನಲ್ಲಿ ಹೊಸ ಅಕ್ಷರ ಸೇರುವುದಕ್ಕಿಂತ ಅಳಿಸಿಹೋಗುವುದೇ ಹೆಚ್ಚು. ಹಾಗಾಗಿ ಕೆಟ್ಟ ಜೀನು ಕಾಲಕ್ರಮದಲ್ಲಿ ಅಳಿದೇ ಹೋಗುತ್ತದೆ.

ಇಲ್ಲಿಯವರೆಗೆ ಹೋದದ್ದು ಬೇಡವಾದ ಸಾಮಾನು. ಅಷ್ಟಕ್ಕೇ ನಿಲ್ಲುವುದಿಲ್ಲ ಅನ್ನೋದೇ ದುಃಖದ ಸಂಗತಿ. ತಾಯಿಯಿಂದ ಮರಿಗೆ ದಾಟುವುದು ಕೆಲವೇ ಕೆಲವು ಬ್ಯಾಕ್ಟೀರಿಯಾ. ಅಷ್ಟು ಸಣ್ಣ ಗುಂಪಿನಲ್ಲಿ ಯಾರು ಉಳಿಯುತ್ತಾರೆ ಅನ್ನುವುದನ್ನು ಯೋಗ್ಯತೆಗಿಂತ ಅದೃಷ್ಟ ತೀರ್ಮಾನಿಸುತ್ತದೆ. ಸ್ವಲ್ಪ ಕೆಟ್ಟವೇ ದಾಟಿದರೆ ಇಡೀ ಸಂತತಿಗೆ ಆ ಕೆಡುಕು ಖಾಯಂ. ಹೊರಗಿದ್ದಿದ್ದರೆ ಬೇರೆ ಬ್ಯಾಕ್ಟೀರಿಯಾಗಳಿಂದ ಒಳ್ಳೆಯ ಜೀನು ಎರವಲು ಪಡೆಯಬಹುದಿತ್ತು. ಒಳಗೆ ಯಾರಿದ್ದಾರೆ? ಸೈಕಲ್ಲನ್ನು ಹಿಂದಕ್ಕೆ ತುಳಿದರೆ ಫ್ರೀವೀಲ್ ಕಟಕಟ ಅನ್ನುತ್ತದೆಯೇ ಹೊರತು ಗಾಲಿ ಹಿಂದೆ ಹೋಗುವುದಿಲ್ಲ. ಇದೂ ಹಾಗೆ, ಒಂದೇ ದಿಕ್ಕಿನ ಚಕ್ರ. ಅಮೆರಿಕದ ತಳಿವಿಜ್ಞಾನಿ ಹರ್ಮನ್ ಮುಲ್ಲರ್ ಈ ತರ್ಕವನ್ನು 1964ರಲ್ಲೇ ಮಂಡಿಸಿದ್ದರು. ಮುಂದೆ ಜೀವವಿಜ್ಞಾನಿ ನ್ಯಾನ್ಸಿ ಮೊರಾನ್ ಅದನ್ನು ಕೀಟಗಳ ಒಳಗಿನ ಬ್ಯಾಕ್ಟೀರಿಯಾಗಳಿಗೆ ಅನ್ವಯಿಸಿ ತೋರಿಸಿದರು.

ಹೋಗುವ ಜೀನುಗಳಲ್ಲಿ ಡಿಎನ್‌ಎಯ ತಪ್ಪು ತಿದ್ದುವ ಜೀನುಗಳೂ ಇರುತ್ತವೆ. ಅವು ಹೋದ ಮೇಲೆ ತಪ್ಪುಗಳ ವೇಗ ಇನ್ನೂ ಹೆಚ್ಚುತ್ತದೆ. ಹೊರಕವಚ ಕಟ್ಟುವ ಜೀನು ಹೋದರೆ ಹೊರಗೆ ಬದುಕುವ ದಾರಿ ಮುಚ್ಚಿಹೋಯಿತು. ಸಿಲ್ಲಿಡ್ ಎಂಬ ಇನ್ನೊಂದು ರಸ ಹೀರುವ ಕೀಟದೊಳಗಿನ ಕಾರ್ಸೊನೆಲ್ಲಾಕ್ಕೆ ಉಳಿದಿರುವುದು 1.6 ಲಕ್ಷ ಅಕ್ಷರ. ಜೀವಕ್ಕೆ ಅತ್ಯಗತ್ಯ ಎಂದು ನಾವು ನಂಬಿದ್ದ ಎಷ್ಟೋ ಜೀನುಗಳು ಅಲ್ಲಿಲ್ಲ.

ಆಶ್ರಯ ಕೊಟ್ಟವರೂ ಸಿಕ್ಕಿಕೊಳ್ಳುತ್ತಾರೆ

ಇದು ಒಂದು ಕಡೆಯ ಕಥೆ ಮಾತ್ರ. ಹೇನಿಗೆ ಪ್ರತಿಜೀವಕ ಕೊಟ್ಟು ಬುಕ್ನೆರಾವನ್ನು ಕೊಂದರೆ ಹೇನು ಕುಬ್ಜವಾಗುತ್ತದೆ, ಸಂತಾನವೂ ನಿಲ್ಲುತ್ತದೆ.

ಈ ಎರಡನೇ ಅವಲಂಬನೆ ಹುಟ್ಟುವುದನ್ನು ಒಬ್ಬರು ಪ್ರಯೋಗಾಲಯದಲ್ಲೇ ನೋಡಿದ್ದಾರೆ. 1966ರಲ್ಲಿ ಅಮೆರಿಕದಲ್ಲಿದ್ದ ಕೊರಿಯಾ ಮೂಲದ ಜೀವವಿಜ್ಞಾನಿ ಕ್ವಾಂಗ್ ಜಿಯಾನ್ ಸಾಕಿದ್ದ ಅಮೀಬಾಗಳಿಗೆ ರೋಗ ಬಂತು. ಒಂದೊಂದು ಅಮೀಬಾದೊಳಗೂ ಸಾವಿರಾರು ಬ್ಯಾಕ್ಟೀರಿಯಾ. ಬಹುಪಾಲು ಸತ್ತವು. ಬದುಕುಳಿದ ಕೆಲವನ್ನು ಜಿಯಾನ್ ಎಸೆಯಲಿಲ್ಲ, ಸಾಕುತ್ತಾ ಹೋದರು. ಕೆಲವು ವರ್ಷಗಳ ನಂತರ ಒಂದು ಸೂಕ್ಷ್ಮ ಶಸ್ತ್ರಚಿಕಿತ್ಸೆ ಮಾಡಿದರು. ಈ ಅಮೀಬಾದ ನ್ಯೂಕ್ಲಿಯಸ್ ತೆಗೆದು, ರೋಗವನ್ನೇ ಕಾಣದ ಅಮೀಬಾದ ಮೈಯೊಳಗೆ ಇಟ್ಟರು. ಆ ಅಮೀಬಾಗಳು ಬದುಕಲಿಲ್ಲ. ಅದರೊಳಗೆ ಬ್ಯಾಕ್ಟೀರಿಯಾ ಚುಚ್ಚಿ ಸೇರಿಸಿದಾಗ ಬದುಕಿದವು. ಕೊಲ್ಲಲು ಬಂದದ್ದು ಇಲ್ಲದೆ ಬದುಕಲಾರದ ಸ್ಥಿತಿಗೆ ಅಮೀಬಾ ಬಂದಿತ್ತು. 1972ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇದರಲ್ಲಿ ಯಾರಿಗೆ ಏನು ಲಾಭವಾಯಿತು ಅಂತ ಕೇಳಿದರೆ ಹೇಳುವುದು ಕಷ್ಟ. ಲಾಭ ಇಲ್ಲದೆಯೂ ಅವಲಂಬನೆ ಹುಟ್ಟಬಹುದು ಅನ್ನುವುದೇ ಈ ಪ್ರಯೋಗದ ಬೆಲೆಬಾಳುವ ಪಾಠ. ಒಂದು ಪ್ರೋಟೀನು ಬ್ಯಾಕ್ಟೀರಿಯಾದಿಂದ ಸಿಗುತ್ತಿದ್ದರೆ ಅಮೀಬಾದ ಅದೇ ಜೀನು ಸುಮ್ಮನಾಗುತ್ತದೆ. ಮುಂದೆ ಅದನ್ನು ಎಬ್ಬಿಸಲು ಆಗುವುದಿಲ್ಲ.

ದಾರಿಯ ನಡುವೆ ಇರುವವರು

ಕರ್ನಾಟಕದ ಎಷ್ಟೋ ರೈತರು ಹಸುವಿನ ಮೇವಿಗೆಂದು ತೊಟ್ಟಿಯಲ್ಲಿ ಅಜೋಲಾ ಬೆಳೆಸುತ್ತಾರೆ. ಗದ್ದೆಗೂ ಬಿಡುತ್ತಾರೆ. ನೀರಿನ ಮೇಲೆ ತೇಲುವ ಈ ಪುಟ್ಟ ಜರಿಗಿಡದ ಪ್ರತಿ ಎಲೆಯ ಮೇಲಿನ ಹಾಳೆಯಲ್ಲೂ ಒಂದು ಗೂಡಿದೆ. ಗೂಡಿನೊಳಗೆ ಮಣಿಸರದಂತೆ ಸೈನೋಬ್ಯಾಕ್ಟೀರಿಯಾದ ಎಳೆಗಳು. ಅಜೋಲಾದ ಪ್ರೋಟೀನಿಗೆ ಬೇಕಾದ ಸಾರಜನಕ ಅಲ್ಲಿಂದಲೇ ಬರುತ್ತದೆ. ಹೊಸ ಸಸಿಗೆ ಬೀಜಕಗಳ ಜೊತೆಗೇ ಇದು ದಾಟುತ್ತದೆ. 2010ರಲ್ಲಿ ಇದರ ಜೀನೋಮ್ ಓದಿದಾಗ ಜೀನುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕೆಟ್ಟು ನಿಂತಿದ್ದವು. ಅಳಿದು ಹೋಗಿಲ್ಲ, ಕೆಲಸವನ್ನೂ ಮಾಡುವುದಿಲ್ಲ. ಹಂಚು ಹಾರಿದ, ಗೋಡೆ ಇನ್ನೂ ಬೀಳದ ಮನೆಗಳ ಹಾಗೆ. ಆದರೆ ಇದು ಇರುವುದು ಎಲೆಯ ಗೂಡಿನಲ್ಲಿ, ಜೀವಕೋಶದ ಒಳಗಲ್ಲ. ಇದನ್ನು ಯಾರೂ ಕಣದಂಗ ಅನ್ನುವುದಿಲ್ಲ.

ತೊಗರಿ, ಶೇಂಗಾ ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಇನ್ನೂ ಹಿಂದಿದೆ. ಅದು ಜೀವಕೋಶದೊಳಗೆ ಹೋಗುತ್ತದೆ ನಿಜ. ಆದರೆ ಬೀಜದ ಮೂಲಕ ದಾಟುವುದಿಲ್ಲ. ಪ್ರತಿ ಬೆಳೆಯೂ ಮಣ್ಣಿನಿಂದ ಹೊಸದಾಗಿ ಕರೆದುಕೊಳ್ಳಬೇಕು. ಮಣ್ಣಿನಲ್ಲಿ ಸ್ವಂತವಾಗಿ ಬದುಕುವ ಶಕ್ತಿ ಅದಕ್ಕೆ ಬೇಕೇ ಬೇಕು, ಆದ್ದರಿಂದ ಜೀನುಗಳೂ ಉಳಿದಿವೆ.

ಹಿಟ್ಟು ತಿಗಣೆಯದು ಇನ್ನೂ ವಿಚಿತ್ರ. ಕಾಫಿ ತೋಟದವರಿಗೆ ಇದರ ಕಾಟ ಚೆನ್ನಾಗಿ ಗೊತ್ತು. ಪ್ಲಾನೊಕಾಕಸ್ ಸಿಟ್ರಿ ಎಂಬ ಜಾತಿಯ ಒಳಗೆ ಟ್ರೆಂಬ್ಲಾಯಾ ಎಂಬ ಬ್ಯಾಕ್ಟೀರಿಯಾ ಇದೆ. ಆ ಬ್ಯಾಕ್ಟೀರಿಯಾದ ಒಳಗೆ ಮೊರನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ! ಕೆಲವು ಅಮೈನೋ ಆಮ್ಲಗಳನ್ನು ಮಾಡಲು ಮೂವರೂ ಕೈಜೋಡಿಸಬೇಕು. ಒಂದು ಹಂತ ಒಬ್ಬರದು, ಮುಂದಿನದು ಇನ್ನೊಬ್ಬರದು. ತಿಗಣೆಯ ಸ್ವಂತ ಜೀನೋಮಿನಲ್ಲಿ ಯಾವ್ಯಾವುದೋ ಬೇರೆ ಬ್ಯಾಕ್ಟೀರಿಯಾಗಳಿಂದ ಹಿಂದೆಂದೋ ಬಂದು ಸೇರಿದ ಹತ್ತಾರು ಜೀನುಗಳಿವೆ. ಅವುಗಳಲ್ಲಿ ಒಂದರ ಪ್ರೋಟೀನು ಮೊರನೆಲ್ಲಾದ ಒಳಗೆ ಹೋಗಿ ಅದರ ಕೋಶಗೋಡೆ ಕಟ್ಟಲು ನೆರವಾಗುತ್ತದೆ ಎಂದು 2019ರಲ್ಲಿ ಗೊತ್ತಾಯಿತು. ಗೋಡೆ ಬೇಕಾದ್ದು ಬ್ಯಾಕ್ಟೀರಿಯಾಕ್ಕೆ, ಗಾರೆ ಬರುವುದು ಕೀಟದಿಂದ.

ಗೆರೆ ಎಲ್ಲಿ ಎಳೆಯುವುದು?

ಈಗ ಜಗಳದ ವಿಷಯಕ್ಕೆ ಬರೋಣ. ಎಲ್ಲಿಯವರೆಗೆ ಬ್ಯಾಕ್ಟೀರಿಯಾ, ಎಲ್ಲಿಂದ ಕಣದಂಗ?

1985ರಲ್ಲಿ ಜೀವವಿಜ್ಞಾನಿಗಳಾದ ಥಾಮಸ್ ಕ್ಯಾವಲಿಯರ್-ಸ್ಮಿತ್ ಮತ್ತು ಜಾನ್ ಲೀ ಒಂದು ಅಳತೆಗೋಲು ಕೊಟ್ಟರು. ಆಶ್ರಯ ಕೊಟ್ಟ ಕೋಶ ಪ್ರೋಟೀನು ತಯಾರಿಸಿ ಒಳಗೆ ಕಳಿಸುವ ವ್ಯವಸ್ಥೆ ಇದ್ದರೆ ಅದು ಕಣದಂಗ. ಇಲ್ಲದಿದ್ದರೆ ಅದು ಇನ್ನೂ ಒಳಗಿರುವ ಅತಿಥಿ. ಹಿಂದೊಮ್ಮೆ ಬ್ಯಾಕ್ಟೀರಿಯಾವೇ ಆಗಿದ್ದ ಮೈಟೋಕಾಂಡ್ರಿಯವನ್ನು ನೋಡಿದರೆ ಇದರ ಅರ್ಥ ತಿಳಿಯುತ್ತದೆ. ನಮ್ಮ ಮೈಟೋಕಾಂಡ್ರಿಯದ ಸ್ವಂತ ಡಿಎನ್‌ಎ 16,569 ಅಕ್ಷರಗಳದ್ದು. ಜೀನು 37, ಅವುಗಳಲ್ಲಿ ಪ್ರೋಟೀನಿಗೆ ಸಂಬಂಧಿಸಿದ್ದು 13. ಆದರೆ ಅದರೊಳಗೆ ಕೆಲಸ ಮಾಡುವ ಪ್ರೋಟೀನುಗಳು ಸಾವಿರಕ್ಕೂ ಹೆಚ್ಚು. ಉಳಿದದ್ದೆಲ್ಲ ನ್ಯೂಕ್ಲಿಯಸ್ ಕಡೆಯಿಂದ ಬರುತ್ತದೆ.

ಈ ಅಳತೆಗೋಲಿನ ಬಲ ಇರುವುದು ಅದರ ಪರಿಣಾಮದಲ್ಲಿ. ಪ್ರೋಟೀನು ಒಳಗೆ ಹೋಗುವ ಬಾಗಿಲು ಒಮ್ಮೆ ತೆರೆದರೆ, ಒಳಗಿನ ಜೀನು ಕೆಟ್ಟಾಗಲೆಲ್ಲ ಹೊರಗಿನಿಂದ ಬದಲಿ ಕಳಿಸಬಹುದು. ಬುಕ್ನೆರಾಕ್ಕೆ ಕಾಡುವ ಒಂದೇ ದಿಕ್ಕಿನ ಕೆಡುಕಿಗೆ ಇಲ್ಲಿ ಪರಿಹಾರ ಇದೆ. ನ್ಯೂಕ್ಲಿಯಸ್‌ನಲ್ಲಿರುವ ಜೀನುಗಳು ತಂದೆತಾಯಿಯರಿಂದ ಬೆರೆತು ಬರುವುದರಿಂದ ತಪ್ಪುಗಳು ಸೋಸಿ ಹೋಗುತ್ತವೆ. ಹಾಗಾಗಿ ಕಣದಂಗ ನೂರು ಕೋಟಿ ವರ್ಷ ಬಾಳಬಲ್ಲದು.

ಇದಕ್ಕೆ ಆಕ್ಷೇಪಗಳೂ ಇವೆ. ಹಿಟ್ಟು ತಿಗಣೆಯಲ್ಲೂ ಒಂದು ಪ್ರೋಟೀನು ಒಳಗೆ ಹೋಗುತ್ತದಲ್ಲ, ಹಾಗಾದರೆ ಮೊರನೆಲ್ಲಾವೂ ಕಣದಂಗವೇ? ಎಷ್ಟು ಪ್ರೋಟೀನು ಹೋದರೆ ಸಾಕು? ಜಾನ್ ಮೆಕಚನ್, ಪ್ಯಾಟ್ರಿಕ್ ಕೀಲಿಂಗ್‌ರಂಥ ಸಂಶೋಧಕರು ಈ ಗೆರೆಯನ್ನೇ ಪ್ರಶ್ನಿಸುತ್ತಾ ಬಂದಿದ್ದಾರೆ. ಪ್ರಕೃತಿಯಲ್ಲಿ ಇರುವುದು ನಿಧಾನವಾಗಿ ಏರುವ ಹಾದಿ, ಮೆಟ್ಟಿಲಲ್ಲ ಎಂಬುದು ಈ ಕಡೆಯ ವಾದ.

ಎರಡೂ ಕಡೆಯವರ ಮಾತನ್ನು ನೈಟ್ರೋಪ್ಲಾಸ್ಟ್‌ಗೆ ಹಿಡಿದು ನೋಡಿ. ಅರ್ಧದಷ್ಟು ಪ್ರೋಟೀನು, ವಿಳಾಸದ ಬಾಲ, ಜೊತೆಜೊತೆಯಾಗಿ ವಿಭಜನೆ, ಇಷ್ಟೂ ಇವೆ. ಪಾಚಿ ದೊಡ್ಡದಾದರೆ ಒಳಗಿನದ್ದೂ ಅದೇ ಲೆಕ್ಕದಲ್ಲಿ ದೊಡ್ಡದಿರುತ್ತದೆ ಎಂದು 2024ರ ಮಾರ್ಚಿನಲ್ಲಿ ಇನ್ನೊಂದು ತಂಡ ತೋರಿಸಿದೆ. ಇನ್ನೊಂದು ತಕ್ಕಡಿಯಲ್ಲಿ, ಅದಕ್ಕೆ ಈಗಲೂ ಸುಮಾರು 1,200 ಜೀನುಗಳಿವೆ. ಪಾಲಿನೆಲ್ಲಾ ಎಂಬ ಅಮೀಬಾದಂಥ ಜೀವಿ ಸುಮಾರು 10 ಕೋಟಿ ವರ್ಷಗಳ ಹಿಂದೆ ಕ್ಲೋರೋಪ್ಲಾಸ್ಟ್‌ನಂಥ ಇನ್ನೊಂದು ಅಂಗವನ್ನು ಪಡೆಯಿತು. ಆ ಅಂಗಕ್ಕೆ ಉಳಿದಿರುವ ಜೀನುಗಳು ಸುಮಾರು 870. ಅಂದಹಾಗೆ, ‘ನೂರು ಕೋಟಿ ವರ್ಷಗಳಲ್ಲಿ ಮೊದಲ ಬಾರಿ’ ಎಂಬ ತಲೆಬರಹ ತಪ್ಪು ಎಂದು ಹೇಳಲು ಪಾಲಿನೆಲ್ಲಾ ಒಂದೇ ಸಾಕು.

ಈ ಲೇಖಕನ ತೀರ್ಮಾನ ಹೀಗೆ: ಕಣದಂಗ ಎಂಬ ಹೆಸರು ನೈಟ್ರೋಪ್ಲಾಸ್ಟ್‌ಗೆ ಸಲ್ಲುತ್ತದೆ. ಕೀಲಿಕೈ ಪಾಚಿಯ ಕೈಗೆ ಹೋಗಿದೆ. ಆದರೆ ಸಾಮಾನು ಸಾಗಿಸುವ ಕೆಲಸ ಇನ್ನೂ ಮುಗಿದಿಲ್ಲ. ಹಾಗಾಗಿಯೇ ಇದು ಅಮೂಲ್ಯ. ಮೈಟೋಕಾಂಡ್ರಿಯದಲ್ಲಿ 150–200 ಕೋಟಿ ವರ್ಷಗಳ ಹಿಂದೆಯೇ ಶುರುವಾಗಿ ಮುಗಿದುಹೋದ ಹೆಜ್ಜೆಗಳು ಇಲ್ಲಿ ಇನ್ನೂ ಹಸಿಯಾಗಿ ಕಾಣುತ್ತವೆ.

ಇದು ಪ್ರೀತಿಯ ಕಥೆಯೇ?

ಪತ್ರಿಕೆಗಳಲ್ಲಿ ‘ಸಹಬಾಳ್ವೆ’, ‘ಒಂದಾದ ಜೀವಗಳು’ ಎಂಬ ಮಾತು ಜಾಸ್ತಿ. 1967ರಲ್ಲಿ ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಮೈಟೋಕಾಂಡ್ರಿಯ ಹಿಂದೆ ಬ್ಯಾಕ್ಟೀರಿಯಾ ಆಗಿತ್ತು ಎಂಬ ವಾದವನ್ನು ಮತ್ತೆ ಎತ್ತಿ ನಿಲ್ಲಿಸಿದಾಗಿನಿಂದ ಸಹಕಾರದ ಭಾಷೆ ಬಳಕೆಗೆ ಬಂದಿದೆ. ಹತ್ತಾರು ಪತ್ರಿಕೆಗಳು ತಿರಸ್ಕರಿಸಿದ ಮೇಲೆ ಪ್ರಕಟವಾದ ಆ ಲೇಖನದ ಧೈರ್ಯ ದೊಡ್ಡದು. ಆದರೆ ಒಳಗಿರುವ ಬ್ಯಾಕ್ಟೀರಿಯಾಗಳ ಗತಿ ನೋಡಿದರೆ ಆ ಭಾಷೆ ಎಲ್ಲ ಕಡೆ ಒಪ್ಪುವುದಿಲ್ಲ.

ಹಲವು ಸಿಕಾಡಾಗಳೊಳಗೆ, ಅಂದರೆ ನಮ್ಮ ಮಲೆನಾಡಿನಲ್ಲೂ ಕಿವಿಗಡಚಿಕ್ಕುವಂತೆ ಕೂಗುವ ಹುಳುಗಳ ಜಾತಿಯಲ್ಲಿ, ಹಾಡ್ಜ್‌ಕಿನಿಯಾ ಎಂಬ ಬ್ಯಾಕ್ಟೀರಿಯಾ ಇದೆ. ಕೆಲವು ಜಾತಿಗಳಲ್ಲಿ ಅದು ಚೂರುಚೂರಾಗಿದೆ. ಒಂದೊಂದು ಚೂರಿಗೆ ಒಂದಷ್ಟು ಜೀನು. ಎಲ್ಲ ಚೂರುಗಳನ್ನೂ ಕೂಡಿಸಿದರೆ ಮಾತ್ರ ಕೆಲಸ ನಡೆಯುತ್ತದೆ. ಇದರಿಂದ ಹುಳುವಿಗೆ ಹೊರೆ ಹೆಚ್ಚಿತೇ ವಿನಾ ಲಾಭ ಕಾಣುವುದಿಲ್ಲ. ಜಪಾನಿನ ಹಲವು ಸಿಕಾಡಾ ಜಾತಿಗಳಲ್ಲಿ ಹಾಡ್ಜ್‌ಕಿನಿಯಾ ಇಲ್ಲವೇ ಇಲ್ಲ. ಆ ಜಾಗದಲ್ಲಿ ಒಂದು ಶಿಲೀಂಧ್ರ ಬಂದು ಕೂತಿದೆ, ಅದೂ ಕೀಟಗಳನ್ನು ಕೊಲ್ಲುವ ಶಿಲೀಂಧ್ರಗಳ ಕುಟುಂಬದ್ದು. ಕೆಲವು ಜಾತಿಯ ಹೇನುಗಳೂ ಬುಕ್ನೆರಾವನ್ನು ಬಿಟ್ಟು ಯೀಸ್ಟಿನಂಥ ಜೀವಿಯನ್ನು ಹಿಡಿದಿವೆ. ದುಡಿಸಿಕೊಂಡು, ಸವೆದ ಮೇಲೆ ಬಿಟ್ಟು, ಹೊಸಬರನ್ನು ಇಟ್ಟುಕೊಂಡ ಹಾಗೆ. ಮೈಟೋಕಾಂಡ್ರಿಯದಂಥವು ಅಪರೂಪಕ್ಕೆ ಉಳಿದವು. ಕಣ್ಣಿಗೆ ಕಾಣುವುದು ಅವೇ ಆದ್ದರಿಂದ ಕಥೆ ಸುಖಾಂತ ಅನ್ನಿಸುತ್ತದೆ.

ಪರಿಣಾಮ: ಔಷಧಿಯಿಂದ ಹೊಲದವರೆಗೆ

ಮೈಟೋಕಾಂಡ್ರಿಯದಲ್ಲಿ ಪ್ರೋಟೀನು ಕಟ್ಟುವ ಯಂತ್ರ ಈಗಲೂ ಬ್ಯಾಕ್ಟೀರಿಯಾದ್ದನ್ನು ಹೋಲುತ್ತದೆ. ಹಾಗಾಗಿ ಬ್ಯಾಕ್ಟೀರಿಯಾಕ್ಕೆ ಹೊಡೆಯುವ ಕೆಲವು ಔಷಧಿಗಳ ಪೆಟ್ಟು ಅದಕ್ಕೂ ತಗಲುತ್ತದೆ. ಮೈಟೋಕಾಂಡ್ರಿಯದ ಡಿಎನ್‌ಎಯಲ್ಲಿ 1555ನೇ ಅಕ್ಷರ ಬದಲಾಗಿರುವವರಿಗೆ ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಗುಂಪಿನ ಇಂಜೆಕ್ಷನ್‌ನಿಂದ ಕಿವಿ ಹೋಗುವ ಅಪಾಯ ಇರುವುದು ಇದೇ ಕಾರಣಕ್ಕೆ.

ಅವಲಂಬನೆಯನ್ನೇ ಆಯುಧ ಮಾಡಿಕೊಂಡ ಉದಾಹರಣೆಯೂ ಇದೆ. ಆನೆಕಾಲು ರೋಗ ತರುವ ಹುಳುಗಳ ಒಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇದೆ. ಅದಿಲ್ಲದೆ ಹುಳು ಮರಿ ಹಾಕದು, ಹೆಚ್ಚು ಕಾಲ ಬಾಳದು. ನಾಲ್ಕರಿಂದ ಆರು ವಾರ ಡಾಕ್ಸಿಸೈಕ್ಲಿನ್ ಕೊಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ, ಹಿಂದೆಯೇ ಹುಳುವೂ ಸೊರಗುತ್ತದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಕೊಡುವಂತಿಲ್ಲ, ಅವಧಿಯೂ ಉದ್ದ. ಹಾಗಾಗಿ ಊರಿಗೆಲ್ಲ ಒಟ್ಟಿಗೆ ಹಂಚುವ ಔಷಧಿ ಅದಾಗಿಲ್ಲ.

ಇನ್ನು ಯೂರಿಯಾ. ಭತ್ತ, ರಾಗಿ, ಜೋಳದ ಜೀವಕೋಶದೊಳಗೇ ನೈಟ್ರೋಪ್ಲಾಸ್ಟ್ ಇದ್ದರೆ ಎಷ್ಟು ಚೆನ್ನ! ಆಸೆಯಲ್ಲಿ ತಪ್ಪಿಲ್ಲ. ಗೊಬ್ಬರದ ಅಂಗಡಿ ಮುಂದೆ ಸಾಲು ನಿಂತವರಿಗೆ ಅದರ ಬೆಲೆ ಗೊತ್ತು. ಆದರೆ ಇಷ್ಟು ಹೊತ್ತು ನೋಡಿದ ಸರಪಳಿಯೇ ಹೇಳುವಂತೆ, ಬ್ಯಾಕ್ಟೀರಿಯಾ ಒಳಗೆ ಸೇರಿಸುವುದು ಸುಲಭದ ಭಾಗ. ಪ್ರೋಟೀನು ಒಳಗೆ ಕಳಿಸುವ ಬಾಗಿಲು ಬೇಕು. ಗಿಡದ ಜೀವಕೋಶ ಎರಡಾಗುವ ವೇಗಕ್ಕೆ ಅದೂ ಎರಡಾಗಬೇಕು. ಬೀಜದ ಮೂಲಕ ದಾಟಬೇಕು. ನೈಟ್ರೋಜಿನೇಸ್‌ಗೆ ಆಮ್ಲಜನಕ ತಾಗದಂತೆ ಕಾಯಬೇಕು. ಒಂದು ತಪ್ಪಿದರೂ ಉಳಿದದ್ದು ನಿಷ್ಫಲ.

ಇದಕ್ಕಾಗಿ ಎರಡು ದಾರಿಯಲ್ಲಿ ಪ್ರಯತ್ನ ನಡೆದಿದೆ. ಒಂದು, ಈಗಾಗಲೇ ಇರುವ ಮೈಟೋಕಾಂಡ್ರಿಯದೊಳಗೆ ನೈಟ್ರೋಜಿನೇಸಿನ ಬಿಡಿಭಾಗಗಳನ್ನು ಕಟ್ಟುವುದು. ಯೀಸ್ಟಿನಲ್ಲಿ, ತಂಬಾಕಿನ ಜಾತಿಯ ಗಿಡದಲ್ಲಿ ಕೆಲವು ಭಾಗಗಳು ತಯಾರಾಗಿವೆ. ಇನ್ನೊಂದು, ಹೊಸ ಸಂಬಂಧವನ್ನೇ ಬೆಸೆಯುವುದು. 2024ರ ಅಕ್ಟೋಬರಿನಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ತಂಡ ಅತಿ ಸಣ್ಣ ಸೂಜಿಯಿಂದ ಶಿಲೀಂಧ್ರದೊಳಗೆ ಬ್ಯಾಕ್ಟೀರಿಯಾ ಚುಚ್ಚಿದ್ದನ್ನು ವರದಿ ಮಾಡಿತು. ಶಿಲೀಂಧ್ರದ ಒಳಗಿನ ಒತ್ತಡ ಮೀರಿಸಲು ಅವರು ಬಳಸಿದ್ದು ಸೈಕಲ್ ಪಂಪು. ಮೊದಲು ಇ. ಕೋಲಿ ಹಾಕಿದಾಗ ಅದು ಮಿತಿಮೀರಿ ಬೆಳೆಯಿತು, ಶಿಲೀಂಧ್ರ ಅಡ್ಡಗೋಡೆ ಎಬ್ಬಿಸಿ ಅದನ್ನು ಮುಚ್ಚಿತು. ಇದೇ ಶಿಲೀಂಧ್ರದ ಬೇರೆ ತಳಿಗಳಲ್ಲಿ ಮೊದಲೇ ವಾಸವಿದ್ದ ಇನ್ನೊಂದು ಬ್ಯಾಕ್ಟೀರಿಯಾ ಹಾಕಿದಾಗ ಅದು ಬೀಜಕಗಳ ಮೂಲಕ ಮುಂದಿನ ಪೀಳಿಗೆಗೂ ದಾಟಿತು. ಮೊದಮೊದಲು ಅಂಥ ಬೀಜಕಗಳು ಸರಿಯಾಗಿ ಮೊಳೆಯುತ್ತಿರಲಿಲ್ಲ. ಬ್ಯಾಕ್ಟೀರಿಯಾ ಇರುವ ಬೀಜಕಗಳನ್ನೇ ಆರಿಸಿ ಆರಿಸಿ ಬೆಳೆಸಿದಾಗ, ಕೆಲವೇ ಪೀಳಿಗೆಗಳಲ್ಲಿ ಮೊಳೆಯುವಿಕೆ ಸುಧಾರಿಸಿತು.

ನೈಟ್ರೋಪ್ಲಾಸ್ಟ್ ಕಡೆಯಿಂದ ಸದ್ಯ ಕಾಯಬೇಕಾದ್ದು ಆ ವಿಳಾಸದ ಬಾಲದ ಸುದ್ದಿಗೆ. ಪಾಚಿ ತನ್ನ ಪ್ರೋಟೀನಿಗೆ ಅಂಟಿಸುವ ಆ ತುಣುಕನ್ನು ಗುರುತು ಹಿಡಿದು ಒಳಗೆ ಬಿಡುವ ಬಾಗಿಲು ಯಾವುದು, ಹೇಗಿದೆ ಎಂದು ಪತ್ತೆಯಾದರೆ ಮುಂದಿನ ಹೆಜ್ಜೆಯ ಮಾತಾಡಬಹುದು. ಆ ಹುಡುಕಾಟಕ್ಕೆ ಬೇಕಾದ ಪಾಚಿ ಸಮುದ್ರದಿಂದ ಬಾಟಲಿಗೆ ಬಂದು ಬದುಕಿರುವುದು, ಹಗೀನೊ 300 ಬಾರಿ ನೀರು ಮೊಗೆದು ತಂದದ್ದರಿಂದ.